ಮೂರು ಸಲ ಚಿಲಕ

ಹಾಲಸಿದ್ದಪ್ಪ ಆಣೆ ಮಾಡಿದ್ದು ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ, ಹೊಟ್ಟೆ ತುಂಬ ರೊಟ್ಟಿ ತಿಂದು, ಪೂರ್ತಿ ಎಚ್ಚರವಿದ್ದಾಗ. ಹಾಗಾಗಿ ಆಮೇಲೆ ಬೇರೆ ಯಾರನ್ನೂ ದೂರುವಂತಿರಲಿಲ್ಲ.

ಬನಹಟ್ಟಿಯಲ್ಲಿ ಅವನದು ಮೋಟರ್ ವೈಂಡಿಂಗ್ ಅಂಗಡಿ. ಮುಂದಿನ ಪಡಸಾಲೆಯೇ ಅಂಗಡಿ, ಹಿಂದೆ ಮನೆ, ನಡುವೆ ಕಬ್ಬಿಣದ ಚಿಲಕವಿದ್ದ ಹಳೆಯ ಬಾಗಿಲು. ಸುತ್ತಲಿನ ಕಬ್ಬಿನ ಹೊಲಗಳಲ್ಲಿ ಯಾವ ಪಂಪು ಸುಟ್ಟರೂ ಅದು ಕೊನೆಗೆ ಬಂದು ಕೂರುವುದು ಅವನ ಸ್ಟೂಲಿನ ಮುಂದೆ. ಸಾಗವಾನಿಯ ಆ ಸ್ಟೂಲಿನ ಮೇಲೆ ಮೂವತ್ತೊಂದು ವರ್ಷ ಕುಳಿತು ತಂತಿ ಸುತ್ತಿದ್ದಾನೆ. ಕೆಟ್ಟು ಬಂದ ಮೋಟರನ್ನು ಕೆಟ್ಟದ್ದಾಗಿಯೇ ವಾಪಸು ಕಳಿಸಿದವನಲ್ಲ. ಈ ಮಾತನ್ನು ಅವನೇ ದಿನಕ್ಕೆ ಎರಡು ಸಲವಾದರೂ ಹೇಳಿಕೊಳ್ಳುತ್ತಿದ್ದ. ಹೇಳುವುದು ಬರುತ್ತಿತ್ತು, ಕೇಳುವುದು ಮಾತ್ರ ಬರುತ್ತಿರಲಿಲ್ಲ. ಈ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಇನ್ನೊಬ್ಬರನ್ನು ಕೇಳುವುದಕ್ಕಿಂತ, ಸುಮ್ಮನೆ ಹತ್ತಿ ಕುಳಿತು ಬೇರೆ ಊರಿನಲ್ಲಿ ಇಳಿಯುವುದೇ ಅವನಿಗೆ ಮರ್ಯಾದೆ ಅನ್ನಿಸುತ್ತಿತ್ತು.

ಆ ಬುಧವಾರ ರಬಕವಿಯ ನೇಕಾರ ಶಿವಪುತ್ರ ಬಂದದ್ದು ಒಂದು ಹಗ್ಗ ಕೇಳಲು. ಅವನ ಬೈಕಿನ ಹಿಂದೆ, ಚಾದರದಲ್ಲಿ ಪರದೆ ಸಮೇತ ಸುತ್ತಿದ ಹಳೆಯ ಕಂಪ್ಯೂಟರ್ ಜಾರುತ್ತಿತ್ತು. ಹದಿನೇಳು ವರ್ಷಗಳಿಂದ ಅವನು ಬಿಡಿಸಿದ ಸೀರೆಯ ಅಂಚು, ಸೆರಗಿನ ಚಿತ್ರಗಳೆಲ್ಲ ಅದರೊಳಗೆ. ಮಗ್ಗಕ್ಕೆ ಹಾಕುವ ರಟ್ಟಿನ ಪಟ್ಟಿಗೆ ತೂತು ಹೊಡೆಯುವುದು ಆ ಚಿತ್ರಗಳನ್ನು ನೋಡಿಯೇ. ಚಿತ್ರ ಬಿಡಿಸುವ ಆ ಹಳೆಯ ಪ್ರೋಗ್ರಾಮು ಹೊಸ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ. ಮುಧೋಳದ ಒಂದು ಮದುವೆಯ ಸೀರೆಗೆ ಹಾಸುನೂಲು ಆಗಲೇ ಮಗ್ಗಕ್ಕೇರಿತ್ತು, ಸೋಮವಾರ ನೇಯ್ಗೆ ಹಿಡಿಯಬೇಕು. ಮಂಗಳವಾರ ಸಂಜೆ ಡಬ್ಬಿಯೊಳಗೆ ಟಪ್ಪೆಂದು ಸದ್ದಾಗಿ, ಸುಟ್ಟ ವಾಸನೆ ಬಂದು, ಅದು ನಿಂತುಹೋಗಿತ್ತು. ಬೆಳಗಾವಿಗೆ ಒಯ್ಯುತ್ತೇನೆ, ಕಟ್ಟಲು ಗಟ್ಟಿ ಹಗ್ಗ ಕೊಡಿ ಎಂದ.

ಹಗ್ಗ ಕೊಟ್ಟಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಹಾಲಸಿದ್ದಪ್ಪ ಡಬ್ಬಿಯನ್ನು ಮೂಸಿ ನೋಡಿ, ಇಷ್ಟಕ್ಕೆ ಬೆಳಗಾವಿ ಯಾಕೆ, ಇಲ್ಲೇ ಇಳಿಸು ಎಂದ. ಶಿವಪುತ್ರ ನಕ್ಕುಬಿಟ್ಟ.

"ಇದು ಪಂಪ ಅಲ್ರಿ ಕಾಕಾ, ಕಂಪ್ಯೂಟರ್ ಐತಿ."

ಆ ನಗೆ ನೆಟ್ಟಗೆ ಬಂದು ಎದೆಗೆ ನಾಟಿತು. ಹಾಲಸಿದ್ದಪ್ಪ ಸ್ಟೂಲಿನಿಂದ ಎದ್ದ. ಗೋಡೆಯ ಮೇಲಿನ ಬೀರದೇವರ ಪಟದ ಕೆಳಗೆ ಭಂಡಾರದ ಡಬ್ಬಿ ಇತ್ತು. ಬೆರಳಿನಲ್ಲಿ ಭಂಡಾರ ತೆಗೆದು ಹಿಡಿದ.

"ಐತವಾರ ಹೊತ್ತ ಮುಳಗೂದ್ರಾಗ ಇದನ್ನ ನನ್ನ ಕೈಯಾಗ ಚಾಲೂ ಮಾಡ್ತೇನಿ. ಇಲ್ಲಂದ್ರ ಈ ಸ್ಟೂಲಿನ ಮ್ಯಾಲ ಮತ್ತ ಕುಂದ್ರೂದಿಲ್ಲ."

ಬೀರದೇವರ ಒಕ್ಕಲಿನವರಿಗೆ ಭಂಡಾರವೆಂದರೆ ಬರೀ ಅರಿಷಿಣದ ಪುಡಿಯಲ್ಲ. ಅದನ್ನು ಹಿಡಿದು ಆಡಿದ ಮಾತು ತಪ್ಪಿದವನು ಗುಡಿಯ ಕಟ್ಟೆ ಹತ್ತುವುದಿಲ್ಲ, ಡೊಳ್ಳಿಗೆ ಕೈ ಹಚ್ಚುವುದಿಲ್ಲ. ಶಿವಪುತ್ರನ ನಗೆ ಅಲ್ಲಿಗೇ ನಿಂತಿತು. ಒಳಗೆ ಬಾಗಿಲ ಸಂದಿಯಿಂದ ಕೇಳಿಸಿಕೊಂಡ ಹೆಂಡತಿ ರುಕ್ಮವ್ವ ತಲೆಯ ಮೇಲೆ ಕೈ ಹೊತ್ತು ಕುಳಿತಳು. ಈ ಗಂಡಸಿಗೆ ಬುದ್ಧಿ ಬಾಯಿಗಿಂತ ಒಂದು ಹರದಾರಿ ಹಿಂದೆಯೇ ಬರುತ್ತದೆ ಎಂಬುದು ಅವಳಿಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತು.

ಆ ಬಾಗಿಲಿನ ಸಂಗತಿಯನ್ನು ಇಲ್ಲೇ ಹೇಳಿಬಿಡಬೇಕು. ಆ ಮನೆಯಲ್ಲಿ ಸೊಸೆ ಮಾವನೊಡನೆ ಮಾತಾಡುವಂತಿಲ್ಲ, ಅಂಗಡಿಗೆ ಕಾಲಿಡುವಂತಿಲ್ಲ. ಊರಿನ ಉಳಿದ ಮನೆಗಳಲ್ಲಿ ಈ ಪದ್ಧತಿ ಎಂದೋ ಬಿಟ್ಟುಹೋಗಿತ್ತು. ಹಾಲಸಿದ್ದಪ್ಪನ ತಾಯಿ ಅದನ್ನು ಬಿಗಿಯಾಗಿ ಹಿಡಿದಿದ್ದಳು, ಅವಳು ಹೋದಮೇಲೆ ಇವನು ಯಾಕೆಂದು ಯೋಚಿಸದೆಯೇ ಹಿಡಿದಿದ್ದ. ಮಗ ಸಂಜು ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ. ಕಬ್ಬು ನುರಿಸುವ ಹಂಗಾಮಿನಲ್ಲಿ ವಾರಕ್ಕೊಮ್ಮೆ ಬಂದು ಮಲಗಿ ಎದ್ದು ಹೋಗುವನು. ಅವನ ಹೆಂಡತಿ ಮಾಯಾ, ಬೀಳಗಿ ತಾಲೂಕಿನ ಅನಗವಾಡಿಯವಳು, ಈ ಮನೆಗೆ ಬಂದು ಮೂರು ವರ್ಷ. ಈ ಮೂರು ವರ್ಷಗಳಲ್ಲಿ ಮಾವ ಸೊಸೆಯರ ನಡುವೆ ಆದ ಮಾತುಕತೆಯೆಲ್ಲ ಆ ಚಿಲಕದ್ದೇ. ಚಿಲಕ ಒಮ್ಮೆ ಬಡಿದರೆ ಚಹಾ, ಎರಡು ಸಲ ಬಡಿದರೆ ಊಟ. ಅವಳು ಹೊಸ್ತಿಲ ಮೇಲಿಟ್ಟು ಸರಿಯುವಳು, ಇವನು ಎತ್ತಿಕೊಳ್ಳುವನು.

ಗುರುವಾರ ಕಂಪ್ಯೂಟರ್ ಬಿಚ್ಚಿದ. ಒಳಗೆ ಮಗ್ಗದ ಮನೆಯ ನೂಲಿನ ಧೂಳು ಗುಬ್ಬಿಯ ಗೂಡಿನಂತೆ ತುಂಬಿತ್ತು. ಮನೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಷ್ಟು ಸಣ್ಣದು ಮಾಡಿ ಕೊಡುವ ತಗಡಿನ ಡಬ್ಬಿಯೊಂದು ಮೂಲೆಯಲ್ಲಿ ಇರುತ್ತದೆ, ಎಸ್‌ಎಂಪಿಎಸ್ ಎನ್ನುತ್ತಾರೆ. ಅದರ ಫ್ಯಾನು ಧೂಳಿಗೆ ಸಿಕ್ಕು ನಿಂತು, ಒಳಗಿನ ಕೆಪಾಸಿಟರುಗಳು ಕಾದು ಹೊಟ್ಟೆ ಉಬ್ಬಿಸಿಕೊಂಡಿದ್ದವು, ಒಂದು ಒಡೆದೇ ಹೋಗಿತ್ತು. ಹಾಲಸಿದ್ದಪ್ಪನಿಗೆ ಜೀವ ಬಂತು. ರೋಗ ಸಿಕ್ಕಿತು, ಡಬ್ಬಿ ಬದಲಿಸಿದರೆ ಆಯಿತು. ಜಮಖಂಡಿಗೆ ಹೋದ. ಅಲ್ಲಿನ ಅಂಗಡಿಯ ಹುಡುಗಿ ಒಂದು ಡಬ್ಬಿ ತೆಗೆದು, ಅದರ ವಾಯರುಗಳ ತುದಿಗೆ ಅಂಗೈಯಗಲದ ಇನ್ನೊಂದು ಸಣ್ಣ ಡಬ್ಬಿ ಸಿಕ್ಕಿಸಿ, ಸ್ವಿಚ್ ಒತ್ತಿ ತೋರಿಸಿದಳು. ಫ್ಯಾನು ಗುಂಯ್ಯೆಂದು ತಿರುಗಿತು. ಛಲೋ ಐತಿ ಎಂದು ಚೀಲಕ್ಕೆ ಹಾಕಿಕೊಂಡು ಬಂದ.

ಯಾವ ವಸ್ತುವನ್ನೂ ತಾನೇ ಒಮ್ಮೆ ನೋಡದೆ ಗಿರಾಕಿಯ ಮಷೀನಿಗೆ ಕೂರಿಸುವುದು ಹಾಲಸಿದ್ದಪ್ಪನ ಜಾಯಮಾನದಲ್ಲಿಲ್ಲ. ಮೋಟರಾದರೆ ಮೇಜಿನ ಮೇಲಿಟ್ಟು ಕರೆಂಟು ಕೊಡುವುದು, ತಿರುಗಿದರೆ ಬದುಕಿದೆ, ತಿರುಗದಿದ್ದರೆ ಸತ್ತಿದೆ. ಹಾಗೆಯೇ ಈ ಡಬ್ಬಿಯನ್ನೂ ಮೇಜಿನ ಮೇಲಿಟ್ಟು ಕರೆಂಟು ಕೊಟ್ಟ. ಫ್ಯಾನು ತಿರುಗಲಿಲ್ಲ. ಸ್ವಿಚ್ ತೆಗೆದು ಹಾಕಿದ, ಹಾಕಿ ತೆಗೆದ. ಡಬ್ಬಿಯನ್ನು ಅಲ್ಲಾಡಿಸಿ ಕಿವಿಗೆ ಹಿಡಿದ. ಸತ್ತಿತ್ತು.

ಶುಕ್ರವಾರ ಮತ್ತೆ ಜಮಖಂಡಿ. ಕೆಟ್ಟ ಮಾಲು ಕೊಟ್ಟಿದ್ದೀಯ ಎಂದು ಬಾಗಿಲಲ್ಲೇ ಶುರುಮಾಡಿದ. ಹುಡುಗಿ ಸಣ್ಣ ಡಬ್ಬಿ ಸಿಕ್ಕಿಸಿ ಸ್ವಿಚ್ ಒತ್ತಿದಳು. ಗುಂಯ್. ಅದನ್ನೇ ಮನೆಗೆ ತಂದ, ಮತ್ತೆ ಸತ್ತಿತು. ದಾರಿಯಲ್ಲಿ ಬಸ್ಸಿನ ಕುಲುಕಾಟಕ್ಕೆ ಏನಾದರೂ ಕಳಚುತ್ತದೆಯೋ ಎಂದು ಅನುಮಾನ ಬಂತು. ಮನೆಯ ಕರೆಂಟೇ ಸರಿಯಿಲ್ಲವೇನೋ ಎಂದು ಮೀಟರು ಹಿಡಿದು ನೋಡಿದ, ಸರಿಯಿತ್ತು. ಅದೇ ಪ್ಲಗ್ಗಿಗೆ ರುಕ್ಮವ್ವನ ಮಿಕ್ಸರ್ ಹಚ್ಚಿದ, ಅದು ಮನೆ ನಡುಗುವಂತೆ ತಿರುಗಿತು. ಮಿಕ್ಸರಿಗಿರುವ ಬುದ್ಧಿ ಈ ಡಬ್ಬಿಗೆ ಯಾಕಿಲ್ಲ ಎಂದು ಅದನ್ನೇ ದಿಟ್ಟಿಸುತ್ತ ಅರ್ಧ ತಾಸು ಕುಳಿತ. ಜಮಖಂಡಿಯ ಆ ಸಣ್ಣ ಡಬ್ಬಿಯಲ್ಲೇ ಏನೋ ಮೋಸವಿದೆ ಎಂದು ನಿಶ್ಚಯಿಸಿದ. ಅದೇನು ಎಂದು ಹುಡುಗಿಯನ್ನು ಒಂದು ಮಾತು ಕೇಳಿದ್ದರೆ ಅವಳೇ ಹೇಳುತ್ತಿದ್ದಳು. ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಮುಧೋಳಕ್ಕೆ ಹೋದ. ಅಲ್ಲಿನ ಅಂಗಡಿಯವನೂ ಅಂಥದ್ದೇ ಸಣ್ಣ ಡಬ್ಬಿ ತೆಗೆದ. ಗುಂಯ್ಯೆಂದು ಫ್ಯಾನು ತಿರುಗಿತು. ಮನೆಗೆ ತಂದಾಗ ಅದೂ ಸತ್ತಿತು. ಈಗ ಮೇಜಿನ ಮೇಲೆ ಸುಟ್ಟ ಹಳೆಯ ಡಬ್ಬಿಯ ಪಕ್ಕ ಇನ್ನೆರಡು ಹೆಣ, ಬೇರೆ ಊರಿನಲ್ಲಿ ಜೀವವಿದ್ದು ಬನಹಟ್ಟಿಗೆ ಬರುವಷ್ಟರಲ್ಲಿ ಪ್ರಾಣ ಬಿಡುವಂಥವು. ಮೂವತ್ತೊಂದು ವರ್ಷ ಕರೆಂಟಿನ ಜೊತೆ ಬಾಳ್ವೆ ಮಾಡಿದವನಿಗೆ ಕರೆಂಟೇ ತಿಳಿಯದಂತಾಯಿತು. ನಿಜಕ್ಕೂ ಹೆದರಿಕೆಯಾಯಿತು. ಸ್ಟೂಲಿನ ಅಂಚನ್ನು ಕೈಯಿಂದ ಸವರಿ ನೋಡಿಕೊಂಡ.

ಅಂದು ಮಧ್ಯಾಹ್ನ ರುಕ್ಮವ್ವ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದಳು. ಇವನು ಉಂಡು, ಅಂಗಡಿಯ ಬೆಂಚಿನ ಮೇಲೆ ಅಡ್ಡಾದ. ಗುಂಯ್ಯೆನ್ನುವ ಸದ್ದಿಗೆ ಎಚ್ಚರವಾಯಿತು. ಮುಧೋಳದ ಡಬ್ಬಿಯ ಫ್ಯಾನು ತಿರುಗುತ್ತಿತ್ತು. ಕನಸೆಂದುಕೊಂಡು ಎದ್ದು ಹೋದರೆ, ಡಬ್ಬಿಯಿಂದ ಬಂದ ವಾಯರುಗಳ ತುದಿಯ ಅಗಲವಾದ ಕನೆಕ್ಟರಿನಲ್ಲಿ, ಇಪ್ಪತ್ತನಾಲ್ಕು ತೂತುಗಳ ನಡುವೆ ಎಲ್ಲೋ ಎರಡು ತೂತಿಗೆ, ಕರಿಯ ಹೇರ್‌ಪಿನ್ನೊಂದು ಬಾಗಿಸಿ ಚುಚ್ಚಿತ್ತು. ಕರೆಂಟಿನಲ್ಲಿ ಕಬ್ಬಿಣ! ಮೋಟರಿನವನ ಕೈ ತಾನಾಗಿಯೇ ಗೋಡೆಯ ಪ್ಲಗ್ಗನ್ನು ಕಿತ್ತಿತು, ಪಿನ್ನನ್ನು ಕಿತ್ತಿತು. ಆಮೇಲೆ ಪ್ಲಗ್ಗು ಹಾಕಿದರೆ ಫ್ಯಾನು ತಿರುಗಲಿಲ್ಲ. ಪಿನ್ನು ಯಾವ ಎರಡು ತೂತಿನಲ್ಲಿತ್ತು ಎಂಬುದನ್ನು ನೋಡಿಯೇ ಇರಲಿಲ್ಲ. ತಪ್ಪು ತೂತಿಗೆ ಚುಚ್ಚಿ ಇದ್ದುದನ್ನೂ ಸುಟ್ಟುಕೊಳ್ಳುವ ಧೈರ್ಯ ಆಗಲಿಲ್ಲ.

ರುಕ್ಮವ್ವ ಹೇರ್‌ಪಿನ್ ಹಾಕಿದವಳಲ್ಲ, ಅವಳದು ಗಂಟು ಕಟ್ಟಿದ ತುರುಬು. ಮನೆಯಲ್ಲಿ ಪಿನ್ನು ಹಾಕುವವಳು ಒಬ್ಬಳೇ. ಅದು ಅವನಿಗೆ ಗೊತ್ತಾಯಿತು, ಆದರೆ ಗೊತ್ತಾಯಿತೆಂದು ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಫ್ಯಾನು ತಿರುಗಿದ್ದು ಅದರ ಮರ್ಜಿ, ಪಿನ್ನು ಬರೀ ಹುಡುಗಾಟ ಎಂದು ತನಗೆ ತಾನೇ ತೀರ್ಮಾನ ಹೇಳಿಕೊಂಡ. ಸಂಜೆ ರುಕ್ಮವ್ವನನ್ನು ಎದುರಿಗೆ ನಿಲ್ಲಿಸಿಕೊಂಡು, ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ, ಕರೆಂಟಿನೊಳಗೆ ಪಿನ್ನು ಚುಚ್ಚಿ ಯಾರಾದರೂ ಸತ್ತರೆ ಅನಗವಾಡಿಗೆ ನಾನು ಏನೆಂದು ಹೇಳಲಿ ಎಂದು ಬೈದ. ಪಿನ್ನನ್ನು ಅಂಗಳಕ್ಕೆ ಎಸೆದ. ಆ ದಿನ ಊಟಕ್ಕೆ ಚಿಲಕ ಎರಡು ಸಲ ಬಡಿದದ್ದು ಕೇಳಿಯೂ ಕೇಳದಂತಿತ್ತು.

ಭಾನುವಾರ ಬೆಳಿಗ್ಗೆ ಬೇಗನೆ ಎದ್ದು, ಯಾರೂ ನೋಡದಂತೆ ಅಂಗಳದಲ್ಲಿ ಬಗ್ಗಿ ಪಿನ್ನನ್ನು ಹುಡುಕಿ, ಅಂಗಿಯ ಕಿಸೆಗೆ ಹಾಕಿಕೊಂಡ. ಯಾಕೆಂದು ಅವನಿಗೇ ತಿಳಿಯಲಿಲ್ಲ.

ರುಕ್ಮವ್ವ ಕಾಯಿ ಕರ್ಪೂರ ತೆಗೆದುಕೊಂಡು ಬೀರದೇವರ ಗುಡಿಗೆ ಹೋದಳು, ಗಂಡನ ಬಾಯಿಯ ತಪ್ಪನ್ನು ಕಾಯಿಯಿಂದ ತೀರಿಸಬಹುದೇ ಎಂದು ನೋಡಲು. ಶಿವಪುತ್ರ ಐದಕ್ಕೆ ಬರುತ್ತೇನೆಂದು ಫೋನು ಮಾಡಿದ. ಮನೆಯಲ್ಲಿ ಉಳಿದವರು ಇಬ್ಬರೇ, ಬಾಗಿಲಿನ ಆಚೆ ಒಬ್ಬಳು, ಈಚೆ ಒಬ್ಬ. ಮಧ್ಯಾಹ್ನ ಚಿಲಕ ಎರಡು ಸಲ ಬಡಿಯಿತು, ಉಂಡ. ಮೂರು ಗಂಟೆಗೆ ಒಮ್ಮೆ ಬಡಿಯಿತು, ಚಹಾ ಕುಡಿದ. ನಾಲ್ಕಕ್ಕೆ ಚಿಲಕ ಮೂರು ಸಲ ಬಡಿಯಿತು.

ಹಾಲಸಿದ್ದಪ್ಪ ಎದ್ದು ಹೋಗಿ ಹೊಸ್ತಿಲು ನೋಡಿದ. ತಾಟಿಲ್ಲ, ಕಪ್ಪಿಲ್ಲ. ಗಾಳಿಯಿರಬೇಕೆಂದರೆ ಎಲೆ ಅಲ್ಲಾಡುತ್ತಿರಲಿಲ್ಲ. ಹಿತ್ತಲಿನಲ್ಲಿ ಹಾವು ಬಂತೋ, ಯಾರಾದರೂ ಬೀಗರು ಬಂದರೋ ಎಂದು ಕಿವಿಗೊಟ್ಟ. ಬಾಗಿಲ ಆಚೆ ಬಳೆಯ ಸದ್ದು ಮಾತ್ರ. ಮೂರಕ್ಕೆ ಈ ಮನೆಯಲ್ಲಿ ಅರ್ಥವೇ ಇರಲಿಲ್ಲ. ಬಂದು ಸ್ಟೂಲಿನ ಮೇಲೆ ಕುಳಿತ. ಮತ್ತೆ ಚಿಲಕ, ಒಂದು, ಎರಡು, ಮೂರು.

ಕಿಸೆಯಲ್ಲಿದ್ದ ಪಿನ್ನಿಗೆ ಬೆರಳು ತಾಗಿತು. ಆಗ ಅವನಿಗೆ, ಸಂಜುಗಾಗಿ ಹೆಣ್ಣು ನೋಡಲು ಹೋದ ದಿನ ನೆನಪಾಯಿತು. ಮಗಳು ಬೀಳಗಿಯಲ್ಲಿ ಐಟಿಐ ಎಲೆಕ್ಟ್ರಾನಿಕ್ಸ್ ಕಲಿತಿದ್ದಾಳೆ, ಒಂದು ವರ್ಷ ಕಂಪ್ಯೂಟರ್ ರಿಪೇರಿಯ ಅಂಗಡಿಯಲ್ಲಿ ಕೆಲಸವನ್ನೂ ಮಾಡಿದ್ದಾಳೆ ಎಂದು ಬೀಗರು ಹೇಳಿದ್ದರು. ಆಗ ಹಾಲಸಿದ್ದಪ್ಪನ ಕಿವಿ ಅವರ ಹಿತ್ತಲಿನ ಪಂಪಿನ ಮೇಲಿತ್ತು, ಅದರ ಬೇರಿಂಗು ಹೋಗಿದೆ ಎಂದು ಯೋಚಿಸುತ್ತಿದ್ದ. ಆ ಮಾತು ಆಮೇಲೆ ಈ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕಾಗಿ ಜಮಖಂಡಿ, ಮುಧೋಳ ಸುತ್ತಿದೆನಲ್ಲ ಎಂದು ನಾಚಿಕೆಯಾಯಿತು.

ನಾಚಿಕೆಯಾಯಿತೆಂದು ಬಾಯಿ ಬಿಡುವುದು ಸುಲಭವಲ್ಲ. ಸತ್ತು ಒಂಬತ್ತು ವರ್ಷವಾದ ತಾಯಿ ಮೂಲೆಯಲ್ಲಿ ನಿಂತು ನೋಡುತ್ತಿದ್ದಾಳೆ ಅನ್ನಿಸಿತು. ಸೊಸೆಯೆದುರು ಬಾಯಿ ಬಿಟ್ಟರೆ ತಾಯಿಯ ಮಾತು ಹೋಗುತ್ತದೆ, ಬಿಡದಿದ್ದರೆ ದೇವರಿಗೆ ಕೊಟ್ಟ ಮಾತು ಹೋಗುತ್ತದೆ. ಹೊರಗೆ ಬಿಸಿಲು ಎದುರು ಮನೆಯ ಗೋಡೆಯನ್ನು ಏರುತ್ತಿತ್ತು. ಬಾಗಿಲ ಹತ್ತಿರ ಹೋದ. ಕೇಳುವುದಕ್ಕೆ ಎಷ್ಟು ಸಲ ಬಡಿಯಬೇಕು ಎಂಬುದು ಗೊತ್ತಿರಲಿಲ್ಲ. ಕೊನೆಗೆ ತಾನೂ ಮೂರು ಸಲವೇ ಬಡಿದ.

"ಮಾಯವ್ವಾ," ಎಂದ. ಆ ಹೆಸರು ಹಿಡಿದು ಅವನು ಕರೆದದ್ದು ಅದೇ ಮೊದಲು. "ಅವರ ಅಂಗಡ್ಯಾಗ ತಿರಗತೈತಿ, ನಮ್ಮ ಮನ್ಯಾಗ ತಿರಗೂದಿಲ್ಲ. ಯಾಕಂತ ನನಗ ತಿಳಿವಲ್ದು. ನಿನಗ ಗೊತ್ತಿದ್ರ ಹೇಳವ್ವ."

ಕೇಳಬಾರದಿತ್ತೇನೋ ಎಂದು ಅವನು ತಿರುಗುವಷ್ಟರಲ್ಲಿ ಒಳಗಿನಿಂದ ದನಿ ಬಂತು.

"ಆ ಡಬ್ಬಿ ಕೆಟ್ಟಿಲ್ರಿ ಮಾವಾರ, ಎರಡೂ ಛಲೋ ಅದಾವ್ರಿ. ಅದರಾಗ ಒಂದು ಹಸರ ವಾಯರ್ ಐತಿ ನೋಡ್ರಿ. ಕಂಪ್ಯೂಟರ್ ಗುಂಡಿ ಒತ್ತಿದಾಗ ಒಳಗಿನ ಬೋರ್ಡು ಆ ವಾಯರಿನ ಮ್ಯಾಲ ಅದನ್ನ ಎಬ್ಬಸ್ತೈತ್ರಿ. ಎಬ್ಬಸ್ಲಿಲ್ಲಂದ್ರ ನೀವು ಎಷ್ಟ ಕರೆಂಟ್ ಕೊಟ್ರೂ ಸುಮ್ನ ಕುಂತಿರ್ತೈತಿ. ಅಂಗಡ್ಯಾಗಿನ ಸಣ್ಣ ಡಬ್ಬಿ ಅದನ್ನ ಎಬ್ಬಸೂದಽ ಮಾಡ್ತೈತ್ರಿ. ಹಸರ ವಾಯರಿಗೂ ಮಗ್ಗಲ ಕರೇ ವಾಯರಿಗೂ ಪಿನ್ನ ಹಚ್ಚಿದ್ರೂ ಏಳತೈತಿ. ಅಲ್ಲೆ ಬರೂದು ಭಾಳ ಸಣ್ಣ ಕರೆಂಟ್ರಿ, ಹೊಡಿಯೂದಿಲ್ಲ."

ಅವನು ಕಿಸೆಯಿಂದ ಪಿನ್ನು ತೆಗೆದು ಮೇಜಿನ ಹತ್ತಿರ ಹೋದ. ಹಸಿರು ವಾಯರು ಸಿಕ್ಕಿತು. ಆದರೆ ಕೂದಲೆಳೆಯಷ್ಟು ತಂತಿಯನ್ನು ಕಣ್ಣು ಮುಚ್ಚಿ ಸುತ್ತುತ್ತಿದ್ದ ಕೈಯಿಂದಲೇ ಅಂದು ಪಿನ್ನು ಎರಡು ಸಲ ಜಾರಿ ಬಿತ್ತು. ಮೂರನೆಯ ಸಲ ಬಿದ್ದಾಗ ಅವನು ಬಾಗಿಲ ಕಡೆ ನೋಡಿ, ನೀನೇ ಬಾರವ್ವ ಎಂದ.

ಮಾಯಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೊಸ್ತಿಲು ದಾಟಿ ಬಂದಳು. ಪಿನ್ನು ಎತ್ತಿ ಚುಚ್ಚಿದಳು. ಮುಧೋಳದ್ದು ತಿರುಗಿತು. ಕಿತ್ತು ಜಮಖಂಡಿಯದಕ್ಕೆ ಚುಚ್ಚಿದಳು, ಅದೂ ತಿರುಗಿತು. ಆಮೇಲೆ ಕೆಲಸಕ್ಕೆ ಹತ್ತಿದಳು. ಬಣ್ಣದ ಹಳೆಯ ಬ್ರಷ್ಷಿನಿಂದ ನೂಲಿನ ಧೂಳು ತೆಗೆದಳು, ಡಬ್ಬಿ ಕೂರಿಸಿ ನಾಲ್ಕು ಸ್ಕ್ರೂ ಬಿಗಿದಳು, ವಾಯರುಗಳನ್ನು ಒಂದೊಂದಾಗಿ ಒತ್ತಿ ಕೂರಿಸಿದಳು. ಹಾಲಸಿದ್ದಪ್ಪ ಪಕ್ಕದಲ್ಲಿ ನಿಂತು ಸ್ಕ್ರೂ ಹಿಡಿದುಕೊಟ್ಟ. ಗುಂಡಿ ಒತ್ತಿದಾಗ ಪರದೆ ಮೊದಲು ಕಪ್ಪಾಗಿ, ಆಮೇಲೆ ನೀಲಿಯಾಗಿ, ಕೊನೆಗೆ ಯಾವುದೋ ಮದುಮಗಳ ಸೀರೆಯ ಅಂಚು ಚಿಕ್ಕ ಚಿಕ್ಕ ಚೌಕಗಳಲ್ಲಿ ಮೂಡಿತು. ಅವನ ಕಣ್ಣಲ್ಲಿ ನೀರು ಬಂತು, ಧೂಳಿನ ನೆಪ ಮಾಡಿ ಒರೆಸಿಕೊಂಡ.

ಮೂರು ಸಲ ಬಡಿದರೆ ಏನರ್ಥ ಎಂದು ಕೇಳಿದ. ಒಮ್ಮೆ ಬಾಯಿ ಬಿಟ್ಟಮೇಲೆ ಕೇಳುವುದು ಅಷ್ಟು ಕಷ್ಟವಿರಲಿಲ್ಲ.

"ನನಗೂ ಗೊತ್ತಿಲ್ರಿ ಮಾವಾರ. ಒಂದು ಬಡದ್ರ ಚಾ, ಎರಡು ಬಡದ್ರ ಊಟ. ನನ್ನ ಕಡೆ ಮೂರಽ ಉಳದಿತ್ರಿ."

ಐದಕ್ಕೆ ಶಿವಪುತ್ರ ಬಂದ. ಪರದೆಯ ಮೇಲೆ ತನ್ನ ಅಂಚು ನೋಡಿ ಎರಡೂ ಕೈ ಮುಗಿದ. ಬಿಸಿಲಿನ್ನೂ ಇದೆ, ಕಾಕಾ ಮಾತು ಉಳಿಸಿಕೊಂಡರು ಎಂದ. ಅದೇ ಹೊತ್ತಿಗೆ ಗುಡಿಯಿಂದ ಬಂದ ರುಕ್ಮವ್ವ ಬಾಗಿಲಲ್ಲೇ ನಿಂತು ಬೀರದೇವರಿಗೆ ಕೈಯೆತ್ತಿದಳು. ಹಾಲಸಿದ್ದಪ್ಪ ಹೂಂ ಎಂದಿದ್ದರೆ ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು. ಅವನು ಹಣೆಯ ಮೇಲಿನ ಭಂಡಾರ ಮುಟ್ಟಿ ನೋಡಿಕೊಂಡ.

"ನನ್ನ ಕೈಯಾಗ ಚಾಲೂ ಮಾಡ್ತೇನಿ ಅಂದಿದ್ನಿ. ಆಗಿದ್ದು ನನ್ನ ಸೊಸಿ ಕೈಯಾಗ. ದೇವರಿಗೆ ಸುಳ್ಳ ಹೇಳಾಕ ಬರೂದಿಲ್ಲ."

ರುಕ್ಮವ್ವನ ಎತ್ತಿದ ಕೈ ಹಾಗೇ ನಿಂತಿತು. ಮೂವತ್ತೊಂದು ವರ್ಷದ ಅಂಗಡಿ ಒಂದು ಒಣ ಪ್ರಾಮಾಣಿಕತೆಗೆ ಮುಚ್ಚುತ್ತದಲ್ಲ ಎಂದು ಅವಳಿಗೆ ದುಃಖವೂ ಸಿಟ್ಟೂ ಒಟ್ಟಿಗೆ ಬಂದವು. ಶಿವಪುತ್ರ ಕಂಪ್ಯೂಟರನ್ನು ಹಗ್ಗದಿಂದ ಬಿಗಿದುಕೊಂಡು ಹೋದ. ಅಂದು ಸಂಜೆ ಹಾಲಸಿದ್ದಪ್ಪ ಸ್ಟೂಲಿನ ಮೇಲೆ ಕೂರಲಿಲ್ಲ, ಏನು ಮಾಡುತ್ತೇನೆಂದು ಹೇಳಲೂ ಇಲ್ಲ.

ಸೋಮವಾರ ಬೆಳಿಗ್ಗೆ ಅವನು ಎಂದಿನಂತೆ ಅಂಗಡಿಯ ಬಾಗಿಲು ತೆಗೆದ. ಸ್ಟೂಲನ್ನು ಒರೆಸಿ, ಅದಕ್ಕೆ ಭಂಡಾರ ಹಚ್ಚಿದ. ಚಿಲಕ ಮೂರು ಸಲ ಬಡಿದು ಸೊಸೆಯನ್ನು ಕರೆದು, ಕೂರು ಎಂದು ಕೈ ತೋರಿಸಿದ. ಅವಳು ಕೂರಲಿಲ್ಲ, ಅತ್ತೆಯ ಮುಖ ನೋಡಿದಳು.

"ನಾ ಕುಂದ್ರೂದಿಲ್ಲ ಅಂತ ಆಣಿ ಮಾಡೇನಿ. ಸ್ಟೂಲ್ ಖಾಲಿ ಇರಲಿ ಅಂತ ಮಾಡಿಲ್ಲ," ಎಂದ.

ಮಾಯಾ ಅಂಚಿಗೆ, ಅರ್ಧವೇ ಕುಳಿತಳು. ಅವನು ಎಣ್ಣೆಯ ಖಾಲಿ ಡಬ್ಬಿಯೊಂದನ್ನು ಬೋರಲು ಹಾಕಿಕೊಂಡು ಪಕ್ಕದಲ್ಲಿ ಕುಳಿತು, ಯಾರದೋ ಸುಟ್ಟ ಪಂಪು ಬಿಚ್ಚತೊಡಗಿದ. ಹತ್ತು ಗಂಟೆಗೆ ಚಿಲಕ ಒಮ್ಮೆ ಬಡಿಯಿತು. ಮಾಯಾ ರೂಢಿಯಿಂದ ಎದ್ದು ನಿಂತಳು. ಕೂರವ್ವ ಎಂದು ಹೇಳಿ ಹಾಲಸಿದ್ದಪ್ಪ ತಾನೇ ಹೋದ. ಹೊಸ್ತಿಲ ಮೇಲೆ ರುಕ್ಮವ್ವ ಇಟ್ಟುಹೋದ ಎರಡು ಕಪ್ಪುಗಳಿದ್ದವು, ಒಂದು ತಿಳಿಯ ಬಣ್ಣದ್ದು, ಇನ್ನೊಂದು ಗಟ್ಟಿ. ಗಟ್ಟಿ ಚಹಾ ತನ್ನದು, ಅದು ಮನೆಗೆಲ್ಲ ಗೊತ್ತು. ಸೊಸೆಗೂ ಗಟ್ಟಿಯೇ ಸೇರುತ್ತದೆಯೋ, ಅವಳು ಸಕ್ಕರೆ ಹಾಕಿಕೊಳ್ಳುತ್ತಾಳೋ ಇಲ್ಲವೋ, ಅಸಲಿಗೆ ಚಹಾ ಕುಡಿಯುತ್ತಾಳೋ ಇಲ್ಲವೋ, ಮೂರು ವರ್ಷ ಅವಳ ಕೈಯ ಚಹಾ ಕುಡಿದವನಿಗೆ ತಿಳಿದಿರಲಿಲ್ಲ. ಎರಡೂ ಕೈಯಲ್ಲಿ ಕಪ್ಪು ಹಿಡಿದು ನಡುಬಾಗಿಲಲ್ಲಿ ನಿಂತ ಹಾಲಸಿದ್ದಪ್ಪ, ಒಮ್ಮೆ ಇದನ್ನು, ಒಮ್ಮೆ ಅದನ್ನು ನೋಡಿ, ಕೊನೆಗೆ ಕೇಳಿದ.

"ಮಾಯವ್ವಾ, ನಿನಗ ಯಾವ್ದು ಬೇಕವಾ?"